ಕಿಟಕಿಗೆ ಹೋದ ಉಪಗ್ರಹ

ಮುಧೋಳದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಪ್ರತಿವರ್ಷ ಗುರುತ್ವಾಕರ್ಷಣೆಯ ಪಾಠ ಬಂದಾಗ ನನ್ನ ತಲೆ ಕೆಡುತ್ತದೆ. ಉಪಗ್ರಹದ ವೇಗದ ಸೂತ್ರ ಕೇಳಿದರೆ ಇಡೀ ತರಗತಿ ಒಂದೇ ಉಸಿರಿಗೆ ಒಪ್ಪಿಸುತ್ತದೆ. ಭೂಮಿಯ ಸೆಳೆತ ಈ ಕ್ಷಣ ನಿಂತರೆ ಉಪಗ್ರಹ ಎತ್ತ ಹೋಗುತ್ತದೆ ಎಂದು ಕೇಳಿದರೆ ಎಲ್ಲರ ಕೈಯೂ ಮೇಲಕ್ಕೆ ತೋರಿಸುತ್ತದೆ, ಭೂಮಿಯಿಂದ ನೇರ ದೂರಕ್ಕೆ. ಹಾಗಲ್ಲ, ಆ ಗಳಿಗೆಯಲ್ಲಿ ಅದು ಎತ್ತ ಓಡುತ್ತಿತ್ತೋ ಅತ್ತಲೇ, ಅಂದರೆ ಪಕ್ಕಕ್ಕೆ ಹೋಗುತ್ತದೆ ಎಂದು ಹೇಳಿ ಹೇಳಿ ಗಂಟಲು ಒಣಗಿದೆ. ಬರೆದುಕೊಳ್ಳುತ್ತಾರೆ, ನಂಬುವುದಿಲ್ಲ.

ನನಗೆ ಇದನ್ನು ಪುಸ್ತಕ ಕಲಿಸಲಿಲ್ಲ. ಚಿಕ್ಕಂದಿನಲ್ಲಿ ರನ್ನ ಬೆಳಗಲಿಯ ನಮ್ಮ ಹೊಲದಲ್ಲಿ ಜೋಳ ತೆನೆ ಕಟ್ಟಿದಾಗ ಹಕ್ಕಿ ಓಡಿಸುವ ಕೆಲಸ ನನ್ನದಾಗಿತ್ತು. ಕವಣೆಯಲ್ಲಿ ಕಲ್ಲಿಟ್ಟು ತಲೆಯ ಮೇಲೆ ಗರಗರ ತಿರುಗಿಸಿ ಹಗ್ಗದ ಒಂದು ತುದಿ ಬಿಡಬೇಕು. ಕಲ್ಲು ಹಕ್ಕಿಯ ಕಡೆ ಬಂದಾಗ ಬಿಟ್ಟರೆ ಅದು ಪಕ್ಕದವರ ಹೊಲಕ್ಕೆ ಹೋಗುತ್ತದೆ. ಕಾಲು ಸುತ್ತು ಮೊದಲೇ ಬಿಡಬೇಕು. ಈಗ ಎಲ್ಲಿ ನೋಡಿದರೂ ಕಬ್ಬು. ಕಬ್ಬಿನ ಹೊಲದಲ್ಲಿ ಹಕ್ಕಿ ಕಾಯುವ ಕೆಲಸವಿಲ್ಲ. ಕವಣೆ ನೋಡಿದ್ದೀರಾ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ.

ಹೋದ ವರ್ಷ ಹಟಕ್ಕೆ ಬಿದ್ದು ನಾನೇ ಒಂದು ಕವಣೆ ಹೆಣೆದೆ. ಎಲ್ಲರನ್ನೂ ಕಾಲೇಜಿನ ಹಿಂದಿನ ಬಯಲಿಗೆ ಕರೆದೊಯ್ದೆ. ಕೈ ಭೂಮಿ, ಹಗ್ಗ ಅದರ ಸೆಳೆತ, ಕಲ್ಲು ಉಪಗ್ರಹ ಎಂದು ಹೇಳಿ, ನನ್ನೊಡನೆ ಎಲ್ಲರಿಗಿಂತ ಹೆಚ್ಚು ವಾದ ಮಾಡುವ ಹುಡುಗಿಯ ಕೈಗೆ ಅದನ್ನು ಕೊಟ್ಟೆ.

"ಎದುರಿನ ಬೇವಿನ ಗಿಡಕ್ಕ ಹೊಡಿ. ಯಾವಾಗ ಬಿಡ್ತಿ?"

"ಕಲ್ಲು ಗಿಡದ ಕಡೆ ಬಂದಾಗ ಬಿಡ್ತೀನ್ರಿ ಮೇಡಂ. ಸೀದಾ ಹೋಗ್ತೈತಿ."

ಕಲ್ಲು ಪಕ್ಕಕ್ಕೇ ಹೋಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದಲ್ಲಿ ಏನಿದೆ ಎಂದು ಮಾತ್ರ ನೋಡಿರಲಿಲ್ಲ. ಅವಳು ಗರಗರ ತಿರುಗಿಸಿ ಬಿಟ್ಟಳು. ಪ್ರಿನ್ಸಿಪಾಲರ ಕೋಣೆಯ ಕಿಟಕಿ ಗಾಜು ಪುಡಿಯಾಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಹುಡುಗಿ ಒಮ್ಮೆ ಬೇವಿನ ಮರ ನೋಡಿದಳು, ಒಮ್ಮೆ ಕಿಟಕಿ ನೋಡಿದಳು.

"ಖರೇನ ಬಾಜೂಕ ಹೋತಲ್ರಿ," ಎಂದಳು.

ಇಷ್ಟು ವರ್ಷ ಆ ಮಾತಿಗಾಗಿಯೇ ಕಾದಿದ್ದೆ. ಗಾಜು ಹೋದ ಬೇಸರವೇ ಆಗಲಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ ಎಲ್ಲರೂ ಉಪಗ್ರಹವನ್ನು ಪಕ್ಕಕ್ಕೆ ಕಳಿಸಿದರು. ಆ ಹುಡುಗಿ ಉಪಗ್ರಹದ ದಾರಿಯೆಂದು ಎಳೆದ ಗೆರೆಯ ತುದಿಗೆ ಒಂದು ಕಿಟಕಿಯನ್ನೂ ಬರೆದಿದ್ದಳು.

ಪ್ರಿನ್ಸಿಪಾಲರು ಮಾತ್ರ ಗಾಜನ್ನಷ್ಟೇ ನೋಡಿದರು. ಕವಣೆಯನ್ನು ಕಸಿದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಪರೀಕ್ಷಾದಾಗ ಸೂತ್ರ ಕೇಳ್ತಾರ, ಕವಣಿ ಕೇಳೂದಿಲ್ಲ. ನೋಟ್ಸ್ ಬರಸ್ರಿ ಮೇಡಂ, ಅಷ್ಟ ಸಾಕು."

ಕಿಟಕಿಗೆ ಹೊಸ ಗಾಜಿನ ಜೊತೆ ಕಬ್ಬಿಣದ ಜಾಳಿಗೆಯೂ ಬಂತು.

ಇವತ್ತು ಹೊಸ ತರಗತಿಗೆ ಅದೇ ಪ್ರಶ್ನೆ ಕೇಳಿದೆ. ಎಲ್ಲರ ಕೈಯೂ ಮತ್ತೆ ಮೇಲಕ್ಕೆ ಹೋಯಿತು. ಸಿಟ್ಟು ನುಂಗಿಕೊಂಡು ನೋಟ್ಸ್ ಬರೆಸಿದೆ. ತಲೆ ಬಗ್ಗಿಸಿ ಬರೆದರು, ಒಬ್ಬರೂ ಯಾಕೆಂದು ಕೇಳಲಿಲ್ಲ. ಸಂಜೆ ಮನೆಗೆ ಬರುವಾಗ ಬಜಾರಿನಲ್ಲಿ ನೂಲಿನ ಹಗ್ಗ ಕೊಂಡೆ. ಕಿಟಕಿಗೆ ಹೇಗೂ ಜಾಳಿಗೆ ಇದೆ.