ಗಾಂಜಾ ಕಿತ್ತ ಎಗೊನ್ ಒಂದು ಸಸಿ ಉಳಿಸಿಕೊಂಡದ್ದು

ಹಿಲ್ಡೆಸ್‌ಹೈಮ್ ಪಟ್ಟಣದಲ್ಲಿ ಎಗೊನ್ ಬಾರ್ಟೆಲ್ಸನಷ್ಟು ಗಾಂಜಾ ಗಿಡ ಕಿತ್ತವನು ಇನ್ನೊಬ್ಬನಿರಲಿಲ್ಲ. ಮೂವತ್ತೈದು ವರ್ಷ ಪೊಲೀಸ್ ನೌಕರಿ, ಅದರಲ್ಲಿ ಹತ್ತೊಂಬತ್ತು ವರ್ಷ ಮಾದಕವಸ್ತುಗಳ ವಿಭಾಗ. ಅಟ್ಟವೋ ನೆಲಮಾಳಿಗೆಯೋ, ಜನ ಎಲ್ಲೆಲ್ಲಿ ಕದ್ದು ಬೆಳೆಸಿದ್ದರೋ ಅಲ್ಲೆಲ್ಲ ನುಗ್ಗಿ, ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಚೀಲಕ್ಕೆ ತುಂಬಿ ಚೀಟಿ ಅಂಟಿಸಿದ ಕೈ ಅವನದು. ಎಲೆ ಮೂಸಿ ನೋಡಿ ಗಿಡಕ್ಕೆ ಎಷ್ಟು ವಾರ ಎಂದು ಹೇಳಿಬಿಡುತ್ತಿದ್ದ. ನಿವೃತ್ತನಾದ ಮೇಲೂ ಗುರುವಾರದ ಬಿಯರ್ ಮೇಜಿನಲ್ಲಿ ಇದನ್ನೇ ಕೊಚ್ಚಿಕೊಳ್ಳುತ್ತಿದ್ದ. ಕೇಳುವವರಿಗೆ ಬಾಯಿಪಾಠವಾಗಿ ಹೋಗಿತ್ತು.

ಹೀಗಿರುವಾಗ ಕಾನೂನು ಬದಲಾಯಿತು. ವಯಸ್ಕರು ತಲೆಗೆ ಮೂರು ಗಿಡದಂತೆ ಮನೆಯಲ್ಲೇ ಬೆಳೆದುಕೊಳ್ಳಬಹುದು ಎಂದಾಯಿತು. ಎಗೊನ್ ಒಂದು ತಿಂಗಳು ಮುಖ ಗಂಟಿಕ್ಕಿಕೊಂಡೇ ಓಡಾಡಿದ. ಮರುವರ್ಷ ಫೆಬ್ರವರಿಯ ಒಂದು ಭಾನುವಾರ, ಅವನ ಹೆಂಡತಿ ರೋಸ್ವಿತಾಳ ತಂಗಿ ಮತ್ತು ತಂಗಿಯ ಗಂಡ ಕಾಫಿಗೆ ಬಂದಿದ್ದಾಗ, ಜೂನಿನಲ್ಲಿ ಬರುವ ಅರವತ್ತೈದನೆಯ ಹುಟ್ಟುಹಬ್ಬಕ್ಕೆ ಏನು ಬೇಕೆಂದು ರೋಸ್ವಿತಾಳನ್ನು ಯಾರೋ ಕೇಳಿದರು. ಅವಳು ಕೇಕಿನ ತಟ್ಟೆ ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

"ಹತ್ತೊಂಬತ್ತು ವರ್ಷ ನಿನ್ನ ಯೂನಿಫಾರ್ಮಿಂದ ಆ ವಾಸನೆ ಒಗ್ದಿದೀನಿ. ನನ್ನ ಎಷ್ಟು ಹುಟ್ಟುಹಬ್ಬಕ್ಕೆ ನೀನು ಮನೇಲಿರ್ಲಿಲ್ಲ, ಯಾವ್ದೋ ಮಾಳಿಗೇಲಿ ಗಿಡ ಕೀಳ್ತಿದ್ದೆ, ಲೆಕ್ಕ ಇಟ್ಟಿಲ್ಲ. ಈ ಸಲ ಹೂಗುಚ್ಛ ಬೇಡ. ಅಷ್ಟು ಕಿತ್ತಿದೀಯಲ್ಲ, ನಂಗೆ ಅಂತ ಒಂದು ಬೆಳೆಸ್ಕೊಡು."

ತಂಗಿಯ ಗಂಡ ಕಿಸಕ್ಕೆಂದ. ಎಗೊನ್‌ಗೆ ಅಷ್ಟೇ ಸಾಕಾಯಿತು. ಕಂಡಕಂಡ ಪುಂಡರು ಕತ್ತಲೆಯಲ್ಲಿ ಹೆದರಿ ಹೆದರಿ ಬೆಳೆಸುತ್ತಿದ್ದ ಗಿಡವನ್ನು ತಾನು ಹಾಡಹಗಲಲ್ಲಿ ಬೆಳೆಸಲಾರೆನೇ ಎಂದು ಎದೆ ಉಬ್ಬಿಸಿ, ಜೂನ್ ಇಪ್ಪತ್ತನಾಲ್ಕರಂದು ಗಿಡ ಇದೇ ಮೇಜಿನ ಮೇಲಿರುತ್ತದೆ ಎಂದು ಎಲ್ಲರೆದುರು ಮಾತು ಕೊಟ್ಟುಬಿಟ್ಟ. ಹೆಂಡತಿಗೆ ಕೊಟ್ಟು ಮುರಿದ ಮಾತುಗಳೇ ಬೇಕಾದಷ್ಟಿದ್ದವು. ಇದೊಂದನ್ನು ಮುರಿಯಬಾರದು ಎಂದು ಆ ಸಂಜೆ ಪಾತ್ರೆ ತೊಳೆಯುತ್ತ ಅವನಿಗೆ ನಿಜವಾಗಿಯೂ ಅನ್ನಿಸಿತು.

ಹಾಲೆಂಡಿನಿಂದ ಅಂಚೆಯಲ್ಲಿ ಐದು ಬೀಜಗಳ ಪೊಟ್ಟಣ ಬಂತು. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿ ಬಿದ್ದಿದ್ದ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಎಗೊನ್ ಮೂರು ಬೀಜ ಊರಿದ. ಊರಿದ್ದು ನೀರು ಸೇದುವ ಬಕೀಟಿನಷ್ಟು ದೊಡ್ಡ ಕುಂಡಗಳಲ್ಲಿ. ಅವನು ಜನ್ಮದಲ್ಲಿ ನೋಡಿದ್ದೆಲ್ಲ ಆಳೆತ್ತರದ ಗಿಡಗಳನ್ನೇ, ಅವುಗಳ ಕುಂಡ ಅಷ್ಟಿರುತ್ತಿತ್ತು. ಮಣ್ಣು ಟೊಮ್ಯಾಟೊ ಗಿಡದ್ದು, ಸಾಲದ್ದಕ್ಕೆ ಬಾಲ್ಕನಿ ಹೂಗಳ ಗೊಬ್ಬರ ಎರಡು ಮುಚ್ಚಳ. ಸಸಿಗೆ ಬೆಳಕಿಗೆಂದು ತಂದ ದೀಪವನ್ನು ಚಾವಣಿಯ ಕೊಕ್ಕೆಗೇ ನೇತುಹಾಕಿದ. ನೀರಂತೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ನಡುವೆ ಅನುಮಾನ ಬಂದಾಗಲೆಲ್ಲ ಇನ್ನೊಂದು ಲೋಟ. ಪೊಲೀಸನಿಗೆ ಅನುಮಾನಕ್ಕೇನು ಬರ.

ನಾಲ್ಕನೆಯ ದಿನ ಮೂರೂ ಮೊಳೆತವು. ಎಗೊನ್ ರೋಸ್ವಿತಾಳನ್ನು ಸ್ನಾನದ ಕೋಣೆಯಿಂದ ಕೂಗಿ ಕರೆಸಿ ತೋರಿಸಿದ. ಆಮೇಲೆ ಅವು ಬೆಳಕು ಹುಡುಕಿಕೊಂಡು ದಾರದಂತೆ ಸಪೂರಾಗಿ ಮೇಲೇರಿದವು. ಎಗೊನ್ ಅದನ್ನು ಬೆಳವಣಿಗೆ ಎಂದುಕೊಂಡು ಗುರುವಾರದ ಮೇಜಿನಲ್ಲಿ ಬೆರಳು ಅಗಲಿಸಿ ಎತ್ತರ ತೋರಿಸಿದ. ಎರಡು ವಾರ ತುಂಬುವುದರೊಳಗೆ ಒಂದೊಂದಾಗಿ ಬುಡದಲ್ಲೇ ಕೊಳೆತು, ಕತ್ತು ಮುರಿದುಕೊಂಡು ಮಲಗಿಬಿಟ್ಟವು.

ಬೇರೆ ಯಾರಾದರೂ ಆಗಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರು. ಎಗೊನ್ ಫೈಲ್ ತೆರೆದ. ಹಸಿರು ರಟ್ಟಿನ ಫೈಲಿನಲ್ಲಿ ಮೃತರ ಸಂಖ್ಯೆ, ದಿನಾಂಕ, ಶಂಕಿತರು ಎಂದು ನೀಟಾಗಿ ಬರೆದ. ಶಂಕಿತರಲ್ಲಿ ಮೊದಲನೆಯದು ಮನೆಯ ಬೆಕ್ಕು, ಎರಡನೆಯವನು ಬೀಜದ ವ್ಯಾಪಾರಿ, ಮೂರನೆಯವಳು ಹೋದ ಮಂಗಳವಾರ ಆ ಕೋಣೆಯ ಧೂಳು ಹೊಡೆದಿದ್ದ ರೋಸ್ವಿತಾ. ಅವಳನ್ನು ಕೂರಿಸಿಕೊಂಡು ವಿಚಾರಣೆಯನ್ನೂ ಮಾಡಿದ. ಧೂಳಿನ ಬಟ್ಟೆಯನ್ನು ಅವನ ಮುಂದಿಟ್ಟು, ಇನ್ನು ಮೇಲೆ ಆ ಕೆಲಸವನ್ನೂ ಇಲಾಖೆಯೇ ನೋಡಿಕೊಳ್ಳಲಿ ಎಂದು ಅವಳು ಎದ್ದು ಹೋದಳು.

ಪಾಪ, ತಿದ್ದಿಕೊಳ್ಳಲಿಲ್ಲವೆಂದಲ್ಲ. ಓದಿದ, ಹುಡುಕಿದ. ನೀರು ಮಿತಿಮೀರಿತ್ತು, ದೀಪ ದೂರವಿತ್ತು, ಎಳೆಯ ಬೇರಿಗೆ ಗೊಬ್ಬರ ಬೇಕಿರಲಿಲ್ಲ, ಕುಂಡ ದೊಡ್ಡದಾದಷ್ಟೂ ತೇವ ಆರದೆ ನಿಲ್ಲುತ್ತದೆ ಎಂಬುದೆಲ್ಲ ತಿಳಿಯಿತು. ನಾಲ್ಕನೆಯ ಬೀಜವನ್ನು ಮೊಸರಿನ ಡಬ್ಬಿಯಷ್ಟು ಕುಂಡದಲ್ಲಿ ಬಡಮಣ್ಣಿಗೆ ಊರಿ, ದೀಪವನ್ನು ಎರಡು ಗೇಣು ಎತ್ತರಕ್ಕೆ ಇಳಿಸಿ, ಬೆರಳು ಅದ್ದಿ ನೋಡಿ ಒಣಗಿದ್ದರೆ ಮಾತ್ರ ನೀರು ಹನಿಸಿದ. ಸಸಿ ಗಟ್ಟಿಯಾಗಿ, ನೆಟ್ಟಗೆ ಎದ್ದಿತು. ಒಂದು ವಾರ ಚೆನ್ನಾಗಿತ್ತು. ಆಮೇಲೆ ಎಲೆ ಮುದುರಿತು, ಕಾಂಡ ನೇರಳೆ ಬಣ್ಣಕ್ಕೆ ತಿರುಗಿತು, ಬೆಳವಣಿಗೆ ನಿಂತಲ್ಲೇ ನಿಂತಿತು. ಏಪ್ರಿಲ್ ಹದಿನೆಂಟಕ್ಕೆ ಅದೂ ಹೋಯಿತು.

ಈ ಸಾವು ಎಗೊನ್‌ನನ್ನು ಅಲ್ಲಾಡಿಸಿಬಿಟ್ಟಿತು. ತಪ್ಪೇ ಇಲ್ಲದೆ ಸತ್ತಿತ್ತು. ಕೊನೆಯ ಬೀಜವನ್ನು ಅಂದೇ ಊರಿದ. ಮತ್ತೆ ಬೀಜ ತರಿಸಬಹುದಿತ್ತು, ಆದರೆ ಅದು ಬಂದು, ಮೊಳೆತು, ಗಿಡ ಅನ್ನಿಸಿಕೊಳ್ಳುವಷ್ಟರಲ್ಲಿ ಹುಟ್ಟುಹಬ್ಬ ದಾಟಿರುತ್ತಿತ್ತು. ಅದೂ ಅಲ್ಲದೆ ಯಾಕೆ ಸಾಯುತ್ತಿದೆ ಎಂದೇ ಗೊತ್ತಿಲ್ಲದವನು ನೂರು ಬೀಜ ತರಿಸಿ ಮಾಡುವುದೇನು. ಶನಿವಾರದ ಸಂತೆಯಲ್ಲಿ ಲುಟ್ಸ್ ಹೆನಿಗ್ ಇದ್ದಾನಲ್ಲ, ಊರಿನವರೆಲ್ಲ ಸಸಿ ತರುವುದು ಅವನ ಹತ್ತಿರವೇ, ಅವನನ್ನೇ ಕೇಳು ಎಂದಳು ರೋಸ್ವಿತಾ. ಎಗೊನ್ ಫೈಲ್ ಮುಚ್ಚಿ ಎದ್ದು ಹೋದ.

ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ತೊಂಬತ್ತಾರರ ಫೆಬ್ರವರಿಯಲ್ಲಿ ಲುಟ್ಸ್ ಹೆನಿಗ್ ನಗರಸಭೆಯ ಸಸ್ಯಪಾಲನಾ ತೋಟದಲ್ಲಿ ಮಾಲಿಯಾಗಿದ್ದ. ಅವನ ಅಟ್ಟಕ್ಕೆ ನುಗ್ಗಿ ಹನ್ನೊಂದು ಗಿಡ ಮತ್ತು ಒಂದು ತಟ್ಟೆ ಸಸಿ ಹಿಡಿದವನು ಎಗೊನ್. ಗಿಡ ಬೆಳೆಸಿದ್ದಕ್ಕೆ ದಂಡ ಬಿತ್ತು, ಕೆಲಸವೂ ಹೋಯಿತು. ಅದು ಕಾನೂನು, ಬಿಡಿ. ಆದರೆ ಎಗೊನ್ ವರದಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದಿದ್ದ: ಸಸಿಗಳು ಆರೈಕೆಯಿಲ್ಲದೆ ಬಾಡಿ, ಎಲೆ ಮುದುರಿ, ಅರೆಜೀವವಾಗಿದ್ದವು. ಅದನ್ನು ನ್ಯಾಯಾಲಯದಲ್ಲಿ ಓದಿದಾಗ ಹಿಂದಿನ ಬೆಂಚಿನಲ್ಲಿದ್ದ ತೋಟದ ಮಾಲಿಗಳು ನಕ್ಕಿದ್ದರು. ಇಷ್ಟು ವರ್ಷ ಲುಟ್ಸ್ ಸಂತೆಯಲ್ಲಿ ಎಗೊನ್ ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದ.

ಕೊನೆಯ ಬೀಜ ಮೊಳೆತ ಮೂರನೆಯ ದಿನ ಶನಿವಾರ. ಎಗೊನ್ ಸಂತೆಗೆ ಹೋಗಿ ಲುಟ್ಸ್‌ನ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ. ಮುಂದಿದ್ದ ಇಬ್ಬರು ಹೆಂಗಸರು ಕೋಸಿನ ಸಸಿ ಆರಿಸುವಷ್ಟು ಹೊತ್ತೂ ಓಡಿಹೋಗಬೇಕೆನ್ನಿಸುತ್ತಿತ್ತು.

"ಏನು ಬಾರ್ಟೆಲ್ಸ್ ಅವ್ರೇ," ಎಂದ ಲುಟ್ಸ್, ತಲೆಯೆತ್ತದೆ. "ವಾರಂಟ್ ತಂದಿದೀರಾ?"

"ಗಾಂಜಾ ಸಸಿ ಸಾಯ್ತಾ ಇವೆ," ಎಂದ ಎಗೊನ್. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. "ನಾಲ್ಕು ಹೋದ್ವು. ಇನ್ನೊಂದೇ ಉಳ್ದಿರೋದು. ನಂಗೆ ಗೊತ್ತಾಗ್ತಿಲ್ಲ. ನಿಮಗೆ ಗೊತ್ತಿರುತ್ತೆ."

ಲುಟ್ಸ್ ಕೈಯ ಮಣ್ಣು ಕೊಡವಿಕೊಂಡ. ಸೋಮವಾರ ಬೆಳಿಗ್ಗೆ ಏಳೂವರೆಗೆ ಬರುತ್ತೇನೆ, ಬರುವುದು ಸಸಿಗೋಸ್ಕರ ಎಂದ.

ಸೋಮವಾರ ಲುಟ್ಸ್ ಹೇಳಿದ ಸಮಯಕ್ಕೆ ಬಂದ. ಮಣ್ಣು ಮುಟ್ಟಿದ, ಸರಿಯಿತ್ತು. ದೀಪದ ಕೆಳಗೆ ಅಂಗೈ ಹಿಡಿದ, ಸರಿಯಿತ್ತು. ಕುಂಡದ ತೂತು, ನೀರಿನ ಹೂಜಿ ಎಲ್ಲ ಸರಿಯಿತ್ತು. ಹಸಿರು ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿದ, ಬೆಕ್ಕಿನ ಹೆಸರು ಬಂದಲ್ಲಿ ಮೀಸೆ ಮಾತ್ರ ಕೊಂಚ ಅಲುಗಿತು. ತನಗೂ ತಿಳಿಯುತ್ತಿಲ್ಲ ಎಂದು ಒಪ್ಪಿಕೊಂಡು, ಸ್ವಲ್ಪ ಹೊತ್ತು ಸಸಿಯ ಪಕ್ಕದಲ್ಲೇ ಕೂತಿರುತ್ತೇನೆ ಎಂದ. ರೋಸ್ವಿತಾ ಕಾಫಿ, ಬ್ರೆಡ್ಡು ಅಲ್ಲಿಗೇ ತಂದಿಟ್ಟಳು. ಎಗೊನ್ ನಾಲ್ಕನೆಯ ಸಸಿಯ ಕೊನೆಯ ದಿನಗಳನ್ನು ವಿವರಿಸತೊಡಗಿದ. ಗಡಿಯಾರ ಎಂಟು ಹೊಡೆಯಿತು. ಎಗೊನ್ ಮಾತು ನಿಲ್ಲಿಸದೆ ಎದ್ದ, ಹೀಟರಿನ ತಿರುಪು ತಿರುಗಿಸಿ ಆರಿಸಿದ, ಕಿಟಕಿಯ ಎರಡೂ ಬಾಗಿಲು ಹಾರುಹೊಡೆದ, ಮತ್ತೆ ಬಂದು ಕೂತು ಮಾತು ಮುಂದುವರಿಸಿದ. ಏಪ್ರಿಲ್ಲಿನ ಮೂರು ಡಿಗ್ರಿ ಗಾಳಿ ನೇರ ಒಳಗೆ ನುಗ್ಗಿತು. ಮೇಜಿನ ಮೇಲಿನ ಪುಟ್ಟ ಸಸಿ ಗಡಗಡ ನಡುಗಿತು.

"ಇದನ್ನ ದಿನಾ ಮಾಡ್ತೀರಾ?" ಎಂದ ಲುಟ್ಸ್.

"ಯಾವ್ದನ್ನ?" ಎಂದ ಎಗೊನ್. ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ.

"ಕಿಟಕಿ."

"ಕಿಟಕಿ ತೆಗೀದೆ ಹೆಂಗಿರಕ್ಕಾಗುತ್ತೆ? ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಗಾಳಿ ಆಡ್ದೇ ಇದ್ರೆ ಗೋಡೆಗೆ ಬೂಷ್ಟು ಹಿಡಿಯುತ್ತೆ. ನಮ್ಮಮ್ಮ..." ಎಂದವನು ಅಲ್ಲಿಗೇ ನಿಂತ.

ಲುಟ್ಸ್ ಕುಂಡವನ್ನೆತ್ತಿ ಕೋಟಿನೊಳಗೆ ಮುಚ್ಚಿಕೊಂಡು ನಗತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಷ್ಟೂ ದಿನ ಕೊಲೆಗಾರ ಶಂಕಿತರ ಪಟ್ಟಿ ಬರೆಯುತ್ತ ಕೂತಿದ್ದ. ಎಗೊನ್ ಓಡಿಹೋಗಿ ಕಿಟಕಿ ಮುಚ್ಚಿದ. ತಿರುಗಿ ನೋಡಿದಾಗ ಲುಟ್ಸ್‌ನ ನಗು ನಿಂತುಹೋಗಿತ್ತು.

"ಅವತ್ತೂ ಹಿಂಗೇ ಮಾಡಿದ್ರಿ," ಎಂದ ಲುಟ್ಸ್, ತಣ್ಣಗೆ. "ನನ್ನ ಅಟ್ಟಕ್ಕೆ ಬಂದೋರೇ ವಾಸನೆ ಅಂತ ಕಿಟಕಿ ತೆಗೆದ್ರಿ. ಹೊರಗೆ ಹಿಮ ಬೀಳ್ತಿತ್ತು. ಎರಡು ಗಂಟೆ ಕೂತು ಬರೆದ್ರಿ. ಬರೆದು ತಲೆ ಎತ್ತಿದಾಗ ಸಸಿ ಎಲ್ಲ ಮುದುರಿತ್ತು, ಅದನ್ನೇ ಬರ್ಕೊಂಡ್ರಿ. ಬಾಡಿದ್ವು ಅಂತ. ಕೆಲ್ಸ ಹೋಗಿದ್ದು ಹೋಗ್ಲಿ. ಸಸಿ ಬೆಳೆಸೋಕೆ ಬರಲ್ಲ ಅಂತ ನಮ್ಮೋರೇ ನಕ್ಕಿದ್ದು ನಂಗಿನ್ನೂ ಮರ್ತಿಲ್ಲ."

ಎಗೊನ್‌ಗೆ ಆ ಅಟ್ಟ ಕಣ್ಣಿಗೆ ಕಟ್ಟಿತು. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು, ಗುದ್ದಿ ತೆಗೆಯಬೇಕಾಗಿತ್ತು. ಗುದ್ದಿದ್ದು ತನ್ನ ಇದೇ ಬಲಗೈ. ಮೂವತ್ತೈದು ವರ್ಷ ಪೊಲೀಸ್ ಕೆಲಸ ಮಾಡಿದವನಿಗೆ ಇನ್ಯಾವ ಸಾಕ್ಷಿ ಬೇಕು.

"ತಪ್ಪು ನಂದು," ಎಂದ.

ಕಾಫಿಯ ಹೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದ ರೋಸ್ವಿತಾ ಮದುವೆಯಾದ ನಲವತ್ತೊಂದು ವರ್ಷದಲ್ಲಿ ಆ ಎರಡು ಮಾತನ್ನು ಅವನ ಬಾಯಿಂದ ಕೇಳಿರಲಿಲ್ಲ.

ಲುಟ್ಸ್ ಅದಕ್ಕೇನೂ ಕರಗಲಿಲ್ಲ. ಕಿಟಕಿ ತೆಗೆಯುವ ಮುಂಚೆ ಸಸಿಯನ್ನು ಆಚೆ ಕೋಣೆಗೆ ಒಯ್ಯಿ, ಗಾಳಿ ಬೆಚ್ಚಗಾದ ಮೇಲೆ ವಾಪಸು ತನ್ನಿ ಎಂದಷ್ಟೇ ಹೇಳಿ, ಕುಂಡವನ್ನು ಎಗೊನ್‌ನ ಕೈಗಿತ್ತು ಹೊರಟುಹೋದ.

ಅಂದಿನಿಂದ ಬಾರ್ಟೆಲ್ಸ್ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಮೆರವಣಿಗೆ. ಎಗೊನ್ ಎರಡೂ ಕೈಯಲ್ಲಿ ಕುಂಡ ಹಿಡಿದು ಸ್ನಾನದ ಕೋಣೆಗೆ ಹೋಗುತ್ತಿದ್ದ, ಬಾಗಿಲು ಭದ್ರ ಮಾಡಿ ಬಂದು ಕಿಟಕಿ ತೆಗೆಯುತ್ತಿದ್ದ. ಮಗಳನ್ನು ಒಂದು ದಿನವೂ ಸ್ನಾನಕ್ಕೆ ಕರೆದೊಯ್ಯದವನು ಈ ಕೂಸನ್ನು ದಿನಕ್ಕೆರಡು ಸಲ ಒಯ್ಯುತ್ತಾನೆ ಎಂದು ರೋಸ್ವಿತಾ ಫೋನಿನಲ್ಲಿ ತಂಗಿಗೆ ಹೇಳಿದಳು. ಗೊಬ್ಬರ ಹಾಕಲು ಕೈ ತುರಿಸುತ್ತದೆಂದು ಅವನು ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಹೆಂಡತಿಗೇ ಕೊಟ್ಟ. ಸಸಿ ಒಂದು ವಾರ ಸುಮ್ಮನಿತ್ತು. ಆಮೇಲೆ ಮೂರು ಬೆರಳಿನ ಎಲೆ ಬಿಟ್ಟಿತು, ಅದರ ಮೇಲೆ ಐದು ಬೆರಳಿನದು. ಮೇ ಕೊನೆಗೆ ಕಾಂಡ ಪೆನ್ಸಿಲಿನಷ್ಟು ದಪ್ಪವಾಯಿತು, ಕುಂಡ ಸಾಲದೆ ದೊಡ್ಡದಕ್ಕೆ ಬದಲಾಯಿಸಬೇಕಾಯಿತು. ಎಗೊನ್ ಹಸಿರು ಫೈಲಿನಲ್ಲಿ ಶಂಕಿತರ ಪಟ್ಟಿ ಹೊಡೆದುಹಾಕಿ ಆರೋಪಿಯ ಹೆಸರು ಬರೆದ. ಬೆಕ್ಕಿನ ಕ್ಷಮೆ ಕೇಳಿದನೋ ಇಲ್ಲವೋ ಗೊತ್ತಿಲ್ಲ.

ಜೂನ್ ಇಪ್ಪತ್ತನಾಲ್ಕರಂದು ಗಿಡ ಕೇಕಿನ ಪಕ್ಕದಲ್ಲಿ ಮೇಜಿನ ಮೇಲೆ ನಿಂತಿತ್ತು. ಮೊಣಕಾಲೆತ್ತರ, ಮೈತುಂಬ ಎಲೆ, ಎಲ್ಲಿಯೂ ಒಂದು ಹಳದಿ ಚುಕ್ಕೆಯಿಲ್ಲ. ತಂಗಿಯ ಗಂಡ ಸುತ್ತು ಹೊಡೆದು ಹೊಡೆದು ನೋಡಿದ, ಕಿಸಕ್ಕೆನ್ನಲು ಏನೂ ಸಿಗಲಿಲ್ಲ. ರೋಸ್ವಿತಾ ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಗಿನ ಹತ್ತಿರ ತಂದುಕೊಂಡು ಕಣ್ಣು ಮುಚ್ಚಿದಳು.

"ಅದೇ ವಾಸನೆ," ಎಂದಳು. "ಆದ್ರೆ ಇವತ್ತು ನೀನೂ ಮನೇಲಿದೀಯ."

ಎಗೊನ್ ಕೇಕಿಗೆ ಚಾಕು ತರುವ ನೆಪದಲ್ಲಿ ಅಡಿಗೆಮನೆಗೆ ಹೋದ. ಚಾಕು ಮೇಜಿನ ಮೇಲೇ ಇತ್ತು.

ಮುಂದಿನ ಶನಿವಾರ ಅವನು ಮತ್ತೆ ಸಂತೆಯ ಸಾಲಿನಲ್ಲಿ ನಿಂತ. ಸರದಿ ಬಂದಾಗ ಹಸಿರು ಫೈಲಿನಿಂದ ಒಂದು ಹಾಳೆ ತೆಗೆದು, ಹಳೆಯ ಅಭ್ಯಾಸದಂತೆ ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ ಓದಿದ. ತೊಂಬತ್ತಾರರ ಫೆಬ್ರವರಿಯ ವರದಿಗೆ ತಿದ್ದುಪಡಿ. ಲುಟ್ಸ್ ಹೆನಿಗ್ ಅವರ ಅಟ್ಟದಲ್ಲಿದ್ದ ಸಸಿಗಳು ಅಧಿಕಾರಿ ಒಳಗೆ ಬಂದಾಗ ಅತ್ಯುತ್ತಮ ಸ್ಥಿತಿಯಲ್ಲಿದ್ದವು. ಅವು ಬಾಡಿದ್ದಕ್ಕೆ ಹಿಮದಲ್ಲಿ ಕಿಟಕಿ ತೆರೆದವನೇ ಕಾರಣ. ತೆರೆದವನು ಕೆಳಗೆ ಸಹಿ ಮಾಡಿದವನು. ಹೆನಿಗ್ ಅವರಂಥ ಮಾಲಿಯನ್ನು ತಾನು ಈವರೆಗೆ ಕಂಡಿಲ್ಲ.

ಲುಟ್ಸ್ ಹಾಳೆಯನ್ನು ತೆಗೆದುಕೊಂಡು ತಾನೊಮ್ಮೆ ಓದಿದ, ಕೊನೆಯ ಸಾಲನ್ನು ಇನ್ನೊಮ್ಮೆ ಓದಿದ. ಆಮೇಲೆ ಅಂಗಡಿಯ ಮುಂದಿನ ಹಗ್ಗಕ್ಕೆ, ಹೋಗಿಬರುವವರ ಕಣ್ಣಿಗೆ ಬೀಳುವಂತೆ, ಬಟ್ಟೆಯ ಕ್ಲಿಪ್ಪು ಹಾಕಿ ಅದನ್ನು ತೂಗುಬಿಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ ಎಗೊನ್‌ನ ಕಡೆ ಕೈ ಚಾಚಿದ. ಕೈ ತುಂಬ ಮಣ್ಣಿತ್ತು.

"ಬಾರ್ಟೆಲ್ಸ್ ಅವ್ರೇ ಗೀರ್ಟೆಲ್ಸ್ ಅವ್ರೇ ಎಲ್ಲ ಸಾಕು," ಎಂದ. "ನಾನು ಲುಟ್ಸ್. ಹೇಳು, ಗಿಡ ಹೆಂಗಿದೆ?"