ನಾಲ್ಕು ಬೆರಳು ನೀರು

ನಮ್ಮ ಮಾವನವರು ಕಿರಾಣಿ ಅಂಗಡಿ ಇಟ್ಟವರು, ಆದರೆ ತಕ್ಕಡಿಯೊಂದನ್ನೇ ನಂಬುತ್ತಿರಲಿಲ್ಲ. ಮುರುಮ ಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಅವರು ಕೂರುವ ಗಾದಿಯ ಪಕ್ಕ ಯಾವಾಗಲೂ ಕಂಠಮಟ್ಟ ನೀರು ತುಂಬಿದ ಒಂದು ಹಿತ್ತಾಳೆ ಬೋಗುಣಿ, ಅದರ ಕೆಳಗೊಂದು ತಾಟು. ಅನುಮಾನ ಬಂದ ವಸ್ತುವನ್ನು ತೂಗಿ, ದಾರ ಕಟ್ಟಿ ಬೋಗುಣಿಯಲ್ಲಿ ಮುಳುಗಿಸಿ, ತಾಟಿಗೆ ಚೆಲ್ಲಿದ ನೀರನ್ನು ಎಣ್ಣೆಯ ಸಣ್ಣ ಮಾಪಿನಿಂದ ಅಳೆಯುತ್ತಿದ್ದರು. "ತಕ್ಕಡಿ ಬರೇ ಭಾರ ಹೇಳ್ತದ. ಎಷ್ಟು ಜಾಗಾ ಹಿಡದದ ಅಂಬೋದು ನೀರೇ ಹೇಳ್ಬೇಕು. ಮಂದಿ ಸುಳ್ಳು ಹೇಳ್ತಾರ, ನೀರು ಹೇಳಂಗಿಲ್ಲ" ಎನ್ನುವರು. ಊರು ಅವರನ್ನು ಮಾಪದ ಬಸಲಿಂಗಪ್ಪ ಎಂದು ಕರೆದು ನಗುತ್ತಿತ್ತು.

ಹೆಣ್ಣು ನೋಡಲು ನನ್ನ ತವರು ನಿಲಂಗಾಕ್ಕೆ ಬಂದಾಗಲೂ ಅದೇ ಆಟ. ಅಪ್ಪ ಹೆಮ್ಮೆಯಿಂದ ತೋರಿಸಿದ ಸೊಂಟದ ಬೆಳ್ಳಿ ಡಾಬನ್ನು ಬೀಗರೆಲ್ಲರ ಎದುರು ನೀರಿಗೆ ಮುಳುಗಿಸಿಬಿಟ್ಟರು! ಅವ್ವನ ಮುಖ ಕಪ್ಪಿಟ್ಟಿತು. ಮಾವ ತಾಟಿನ ನೀರನ್ನು ಎರಡು ಸಲ ಅಳೆದು, "ಬೆಳ್ಳಿ ಸಾಚಾ ಅದ" ಎಂದರು. ಎಷ್ಟೋ ವರ್ಷದ ಮೇಲೆ, ಅಪ್ಪ ತೀರಿಕೊಂಡ ಬಳಿಕ, ಜೋಳ ಹಸನು ಮಾಡುತ್ತಾ ಕೂತಿದ್ದ ನನಗೆ ಹೇಳಿದರು: "ಅವತ್ತು ನೀರು ಜಾಸ್ತಿ ಚೆಲ್ತವ್ವಾ. ಬೆಳ್ಳ್ಯಾಗ ತಾಮ್ರ ಕೂಡಿಸಿದ್ದ ಆ ಅಕ್ಕಸಾಲಿ. ಮಂದ್ಯಾಗ ಹೇಳಿದ್ರ ನಿಮ್ಮಪ್ಪ ಮಾರಿ ಎಲ್ಲಿ ಇಡ್ತಿದ್ದ?" ನೀರು ಸುಳ್ಳು ಹೇಳುವುದಿಲ್ಲ, ನಮ್ಮ ಮಾವ ಮಾತ್ರ ಹೇಳಬಲ್ಲರು ಎಂದು ನನಗೆ ಅಂದು ಗೊತ್ತಾಯಿತು. ಅವತ್ತಿನಿಂದ ಅವರೆಂದರೆ ನನಗೆ ಜೀವ.

ಆಮೇಲೆ ಬರ ಬಿತ್ತು. ಎರಡನೆಯ ವರ್ಷಕ್ಕೆ ಮೆಟ್ಟಿಲು ಇಳಿದು ಹೋಗುವ ಊರಿನ ಪಾವಟಿಗೆ ಬಾವಿಯಲ್ಲಿ ನೀರು ಉಳಿದಿದ್ದು ತಳದಲ್ಲಿ ತೋಡಿದ್ದ ಗುಂಡಿಯೊಂದರಲ್ಲಿ ಮಾತ್ರ, ಉದ್ದ ಮೂರು ಮೊಳ, ಅಗಲ ಮೂರು ಮೊಳ. ಗೋಡೆಯ ಸಂದಿನ ಪಾರಿವಾಳಗಳು ಯಾವತ್ತೋ ಬಿಟ್ಟು ಹೋಗಿದ್ದವು. ಮಾವ ಬೆಳಗಾಗುತ್ತಲೇ, ಯಾರೂ ನೀರು ಮುಟ್ಟುವ ಮೊದಲು, ಗೆರೆ ಕೊರೆದ ಬಿದಿರಿನ ಕೋಲು ಇಳಿಸಿ ನೋಡುವರು. ದಿನಕ್ಕೊಂದು ಬೆರಳು ಇಳಿಯುತ್ತಿತ್ತು. ಮನೆಗೆ ಬಂದು ಅಂಗಡಿಯ ಬಾಗಿಲು ತೆರೆಯುವರು.

ಒಂದು ಬೆಳಿಗ್ಗೆ ನೀರು ನಾಲ್ಕು ಬೆರಳು ಮೇಲೆ ಬಂದಿತ್ತು.

"ಅಗಂಬಾಯಿ, ಗಂಗವ್ವ ಬಂದಾಳ!" ಎಂದು ಕುರಿ ಸಾಕುವ ಲಕ್ಕವ್ವ ಕೂಗಿದ್ದೇ ತಡ, ಹೆಂಗಸರೆಲ್ಲ ಅರಿಶಿನ ಕುಂಕುಮ ಹಿಡಿದು ಬಂದರು. ಮಾವ ಮಾತ್ರ ಮೇಲಿನ ಪಾವಟಿಗೆಯಲ್ಲಿ ಎರಡೂ ಕೈ ಅಡ್ಡ ಚಾಚಿ ಕೂತಿದ್ದರು.

"ಯಾರೂ ಇಳೀಬ್ಯಾಡ್ರಿ. ನೀರು ಬಂದಿಲ್ಲ. ನೀರಿನ್ಯಾಗ ಏನೋ ಬಿದ್ದದ. ಈ ಗುಂಡ್ಯಾಗ ನಾಕು ಬೆರಳು ಏರ್ಬೇಕಾದ್ರ ದೊಡ್ಡ ಎಣ್ಣಿ ಡಬ್ಬೀಲೆ ಒಂಬತ್ತು ಡಬ್ಬಿ ಕಲ್ಲು ಮಣ್ಣು ಬೀಳ್ಬೇಕು. ಎಲ್ಲಿಂದ ಬಿತ್ತು? ಗ್ವಾಡಿ ಬುಡದಿಂದ. ಬುಡಾ ಪೊಳ್ಳು ಆಗ್ಯದ."

"ಕಾಕಾ, ದೇವರಿಗೂ ಮಾಪ ಹಚ್ತೀರಿ?" ಎಂದು ಲಕ್ಕವ್ವ ನಕ್ಕಳು. ಆದರೂ ನಿಂತಳು. ನಿಲ್ಲದವಳು ನಾನು. ಮನೆಯಲ್ಲಿ ಮಗಳಿಗೆ ಎರಡು ದಿನದಿಂದ ವಾಂತಿ ಭೇದಿ, ತುಟಿ ಒಣಗಿ ಬಿಳಿಚಿತ್ತು, ಹರವಿಯಲ್ಲಿ ಹನಿ ನೀರಿಲ್ಲ. ತಲೆ ಕೆಟ್ಟಿತ್ತು.

"ನಿಮ್ಮ ಬೋಗುಣಿ ಆಟಾ ಅಂಗಡ್ಯಾಗ ಇಟ್ಗೋರಿ ಮಾವ! ಮೊಮ್ಮಗಳು ನೀರಿಲ್ದ ಸಾಯ್ಲಿಕತ್ತಾಳ" ಎಂದು ಕೊಡ ಹಿಡಿದು ಮುಂದೆ ಹೆಜ್ಜೆ ಇಟ್ಟೆ. ಸೊಸೆಯ ಮೈ ಸೋಕಬಾರದೆಂದು ಅವರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಹಾಗೆ ಎಳೆದುಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು.

ಕೆಳಗೆ ನೀರು ರಾಡಿಯಾಗಿತ್ತು. ತಂಬಿಗೆಯಿಂದ ಮೊಗೆದು ಅರಿವೆಯಲ್ಲಿ ಸೋಸಿ ಕೊಡ ತುಂಬಿಸಿದೆ. ತುಂಬುವ ಹೊತ್ತಿಗೆ ಬೆನ್ನ ಹಿಂದಿನ ಗೋಡೆಯಿಂದ ಸಣ್ಣ ಹರಳುಗಳು ಟಪ್ ಟಪ್ ಎಂದು ಬೀಳತೊಡಗಿದವು. ತಿರುಗಿದರೆ ಮಾವ ಇಳಿದು ಬಂದು ನಿಂತಿದ್ದಾರೆ. ಅದುವರೆಗೆ ಒಮ್ಮೆಯೂ ನನ್ನನ್ನು ಮುಟ್ಟದವರು ರಟ್ಟೆ ಹಿಡಿದು ಎಬ್ಬಿಸಿದರು.

"ಮ್ಯಾಲ ನಡಿ."

"ಕೊಡಾ ತುಂಬ್ಯದ ರೀ. ಬಿಟ್ಟು ಹ್ಯಾಂಗ ಬರ್ಲಿ?"

ಅವರು ಗೋಡೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ನೀ ಮುಂದ ನಡಿ. ಕೊಡಾ ನಾ ತರ್ತೀನಿ."

ನಾನು ಓಡಿ ಹತ್ತಿದೆ. ಮೇಲೆ ಬಂದು ತಿರುಗಿ ನೋಡಿದಾಗ ಅವರು ಕೊಡವನ್ನು ಹೆಗಲಿಗೇರಿಸಿ ಅರ್ಧ ದಾರಿಯಲ್ಲಿದ್ದರು, ಉಸಿರು ಸಾಲದೆ ನಿಂತಿದ್ದರು. ಅಷ್ಟರಲ್ಲೇ ಗೋಡೆ ಹೊಟ್ಟೆ ಮುಂದೆ ಮಾಡಿ, ಪಾವಟಿಗೆಗಳ ಸಮೇತ ಒಳಗೆ ಕುಸಿಯಿತು. ಧೂಳು ಇಳಿದಾಗ ನೀರೂ ಇಲ್ಲ, ಅವರೂ ಇಲ್ಲ. ಊರಿನ ಗಂಡಸರು ಕಲ್ಲು ಎತ್ತಿ ಅವರನ್ನು ಹೊರಗೆ ತರಲು ಎರಡು ದಿನ ಹಿಡಿಯಿತು.

ಮಗಳು ಬದುಕಿದಳು. ಲಕ್ಕವ್ವ ಕುರಿಗೆಂದು ಇಟ್ಟಿದ್ದ ನೀರಿನಲ್ಲಿ ಎರಡು ತಂಬಿಗೆ ತಂದುಕೊಟ್ಟಿದ್ದಳು. ಕೇಳಿದ್ದರೆ ಮುಂಜಾನೆಯೇ ಕೊಡುತ್ತಿದ್ದಳು.

ಸೊಸೆಯ ಜೀವ ಉಳಿಸಿ ಹೋದ ಪುಣ್ಯಾತ್ಮ ಎಂದು ಊರವರು ಇಂದಿಗೂ ಅವರ ಹೆಸರು ತೆಗೆಯುತ್ತಾರೆ. ನಾನು ಹೂಂ ಎನ್ನುತ್ತೇನೆ. ಅವರು ಅರ್ಧ ದಾರಿಯಲ್ಲಿ ನಿಂತು ತಲೆಯೆತ್ತಿ ನನ್ನ ಕಡೆ ನೋಡಿದಾಗ, ಕೊಡ ಬಿಸಾಡಿ ಓಡಿ ಬನ್ನಿ ಎನ್ನಬೇಕಾಗಿದ್ದ ಈ ಬಾಯಿ ಕೂಗಿ ಹೇಳಿದ್ದು, "ಸಾವಕಾಶ ಬರ್ರೀ ಮಾವ, ಕೊಡಾ ಹುಷಾರ್!"