ಸೀನಪ್ಪಣ್ಣ ಸಾಯಲು ಒಪ್ಪಿದ್ದು

ನಮ್ಮ ಕಂಪನಿಯ ಎ.ಸಿ. ಸಾಮಾನುಗಳ ಗೋಡೌನ್ ಇದ್ದದ್ದು ದೋಹಾದ ಹೊರಗೆ, ಉಮ್ಮ್ ಸಲಾಲ್‌ನಲ್ಲಿ. ಅಲ್ಲಿ ಸ್ಟೋರ್‌ಕೀಪರ್ ಆಗಿದ್ದ ಸೀನಪ್ಪಣ್ಣನ ಹತ್ತಿರ ನೀವು ಒಂದು ಕಂಪ್ರೆಸರ್ ಕೇಳಿ ನೋಡಬೇಕಿತ್ತು. ಅದು ಯಾಕೆ ಬೇಕು, ಹಳೆಯದಕ್ಕೆ ಏನಾಯಿತು, ಹಾಳು ಮಾಡಿದವರು ಯಾರು ಎಂದು ವಾದ ಸುರುವಾಗುತ್ತಿತ್ತು. ಬಂದ ಮೆಕ್ಯಾನಿಕ್ ಬೇಸತ್ತು "ಖಲಾಸ್, ಬೇಡ" ಎಂದು ಹೊರಟರೆ ಇವರೇ ಕಂಪ್ರೆಸರ್ ಹೊತ್ತುಕೊಂಡು ಹಿಂದೆ ಓಡುತ್ತಿದ್ದರು. ಕೊಡಬಾರದೆಂದು ಅಲ್ಲ. ಮಾತಿನಲ್ಲಿ ಸೋಲಬಾರದು, ಅಷ್ಟೆ.

ನಾನು ಸಿಸಿಲಿಯಾ, ಶಿರ್ವದವಳು, ಅದೇ ಕಂಪನಿಯ ಮ್ಯಾನೇಜರ್ ಮಿಸ್ಟರ್ ಡಗ್ಲಸ್ ಅವರ ಸೆಕ್ರೆಟರಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಆಫೀಸಿನವರು ಹೇಳುವುದುಂಟು. ಈ ಬಾಸ್, ಆ ಸೀನಪ್ಪಣ್ಣ, ಇಬ್ಬರನ್ನೂ ಸಂಭಾಳಿಸಿದವಳಿಗೆ ಅದು ಇನ್ನೆಲ್ಲಿರಬೇಕು ಹೇಳಿ.

ಆಗ ದೋಹಾದಲ್ಲಿ ನಮ್ಮೂರಿನವರ ಒಂದು ತಾಳಮದ್ದಳೆ ತಂಡವಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದಕ್ಕಿಳಿಯುವುದು. ದೋಹಾ ಅಲ್ ಜದೀದಾದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಅಪ್ಪಯ್ಯ ಎಂಬವರು ಭಾಗವತರು. ನನ್ನ ಗಂಡ ಆನ್ಸೆಲ್ಮ್ ಮದ್ದಳೆಗೆ. ಶುಕ್ರವಾರ ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂಟ.

ಒಮ್ಮೆ ವಾಲಿವಧೆಯಲ್ಲಿ ಸೀನಪ್ಪಣ್ಣ ವಾಲಿಯಾದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಹಿಡಿದುಕೊಂಡವರು ಬಿಡಲೇ ಇಲ್ಲ. ರಾಮನಾಗಿದ್ದ ಪೃಥ್ವಿರಾಜ್ ಇನ್ಶೂರೆನ್ಸ್ ಆಫೀಸಿನವನು, ಮೃದು ಸ್ವಭಾವ. ನೀರು ಕುಡಿದ, ಬೆವರು ಒರೆಸಿಕೊಂಡ, ಕೊನೆಗೆ "ತಪ್ಪಾಯ್ತು" ಎಂದುಬಿಟ್ಟ. ರಾಮನೇ ವಾಲಿಯ ಹತ್ತಿರ ಕ್ಷಮೆ ಕೇಳಿದ ಮೇಲೆ ಕಥೆ ಮುಂದೆ ಹೋಗುವುದೆಲ್ಲಿಗೆ? ಅಪ್ಪಯ್ಯ ತಾಳ ಕೆಳಗಿಟ್ಟು ಎದ್ದರು. ಆಮೇಲೆ ಸೀನಪ್ಪಣ್ಣನಿಗೆ ಪಾತ್ರ ಕೊಡುವುದೇ ನಿಂತುಹೋಯಿತು.

ಅವರು ಮಾತ್ರ ಇಸ್ತ್ರಿ ಹಾಕಿದ ಬಿಳಿ ಪಂಚೆ ಉಟ್ಟು ಪ್ರತಿ ಶುಕ್ರವಾರ ಬರುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತು, ಯಾರಾದರೂ ಕರೆದಾರು ಎಂದು ಮುಖ ಮೇಲೆ ಮಾಡಿಕೊಂಡು ಕಾಯುತ್ತಿದ್ದರು. ವಾರವಿಡೀ ಗೋಡೌನಿನ ಧೂಳು ತಿನ್ನುವ ಮನುಷ್ಯನಿಗೆ ಇದ್ದದ್ದು ಅದೊಂದೇ ಸಂತೋಷ. ನೋಡುವಾಗ ನನಗೆ ಕರುಳು ಚುರುಕ್ ಎನ್ನುತ್ತಿತ್ತು.

ಇತ್ತ ನಮ್ಮ ಮಿಸ್ಟರ್ ಡಗ್ಲಸ್ ಸ್ಕಾಟ್ಲೆಂಡಿನವರು. ಚಹಾ ಬಂದ ಕೂಡಲೇ ತಮ್ಮ ಮನೆತನದ ಕಥೆ ತೆಗೆಯುತ್ತಿದ್ದರು. ಒಂದು ದಿನ ಸೀನಪ್ಪಣ್ಣ ಸಹಿಗೆಂದು ಬಂದು ನಿಂತಿದ್ದರು, ಅದನ್ನು ಅವರಿಗೂ ಕನ್ನಡದಲ್ಲಿ ಹೇಳುವ ಕರ್ಮ ನನ್ನ ಪಾಲಿಗೆ ಬಂತು. ಆ ದೇಶದ ದೊಡ್ಡ ರಾಜನೊಬ್ಬ ಸತ್ತಾಗ ಅವನ ಹೃದಯವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಯುದ್ಧಕ್ಕೆ ಹೋಗಿ ಮಡಿದವನು ಒಬ್ಬ ಡಗ್ಲಸ್. ಅಲ್ಲಿಂದ ಮನೆತನಕ್ಕೆ ಭೂಮಿ, ಕೋಟೆ, ಹೆಸರು. ಎಷ್ಟು ಬೆಳೆದರೆಂದರೆ ಅರಮನೆಯವರಿಗೇ ಹೆದರಿಕೆ ಹುಟ್ಟಿತು. ಎಳೆಯ ರಾಜನ ಕಾಲದಲ್ಲಿ ಇಬ್ಬರು ಡಗ್ಲಸ್ ಹುಡುಗರನ್ನು ಊಟಕ್ಕೆ ಕರೆದು, ಸಾವಿನ ಗುರುತಾಗಿ ಮೇಜಿನ ಮೇಲೆ ಕರಿ ಹೋರಿಯ ತಲೆ ತಂದಿಟ್ಟು, ಆಮೇಲೆ ಕಡಿದರಂತೆ. ಅದೇ ರಾಜ ದೊಡ್ಡವನಾದ ಮೇಲೆ, ಏನೂ ಮಾಡುವುದಿಲ್ಲವೆಂದು ಅಭಯ ಕೊಟ್ಟು ಇನ್ನೊಬ್ಬ ಡಗ್ಲಸನನ್ನು ಕರೆಸಿ, ಊಟವಾದ ಮೇಲೆ ಸ್ವಂತ ಕೈಯಲ್ಲಿ ಇರಿದ. ಮತ್ತೆ ಕೆಲವೇ ವರ್ಷಗಳಲ್ಲಿ ಕೋಟೆಯೂ ಹೋಯಿತು, ಭೂಮಿಯೂ ಹೋಯಿತು.

"ಒಮ್ಮೆ ಊಟಕ್ಕೆ ಹೋಗಿ ಸತ್ತ ಮನೆಯವರು ಇನ್ನೊಮ್ಮೆ ಅಲ್ಲಿಗೇ ಊಟಕ್ಕೆ ಹೋಗ್ತಾರಾ?" ಎಂದೆ ನಾನು. ನನಗೆ ತಡೆಯಲಿಲ್ಲ.

"ರಾಜ ಅಭಯ ಕೊಟ್ಟು ಕರೆದದ್ದಲ್ವಾ ಬಾಯಮ್ಮ, ಹೋಗದಿದ್ರೆ ಮರ್ಯಾದೆ ಉಳೀತದಾ?" ಎಂದರು ಸೀನಪ್ಪಣ್ಣ. ಅವರ ಕಣ್ಣು ಬೇರೆಯೇ ಆಗಿತ್ತು. "ಇದು ತಾಳಮದ್ದಳೆಗೆ ಹೇಳಿದ ಪ್ರಸಂಗ ಮಾರಾಯ್ರೆ. ಒಳ್ಳೆ ಪ್ರಸಂಗ."

ಇದನ್ನು ಬಾಸ್‌ಗೆ ಹೇಳಿದ್ದು ನನ್ನ ತಪ್ಪು. ಅವರು ಅಲ್ ಗರಾಫಾದಲ್ಲಿದ್ದ ತಮ್ಮ ವಿಲ್ಲಾದ ಹಾಲ್ ಕೊಟ್ಟರು, ಊಟವೂ ತಮ್ಮದೇ ಎಂದರು. ಊಟ ಎಂದಾಗ ಅಪ್ಪಯ್ಯನೂ ಒಲಿದು ವಾರದೊಳಗೆ ಪದ ಕಟ್ಟಿದರು. ಸೀನಪ್ಪಣ್ಣ ಆ ದೇಶದ ಚರಿತ್ರೆಯ ಪುಸ್ತಕವೊಂದನ್ನು ನನ್ನಿಂದ ಓದಿಸಿ ಕೇಳಿಕೊಂಡರು. ಪ್ರಸಂಗದ ಹೆಸರು ಡಗ್ಲಸ್ ವಧೆ. ಆದರೆ ಒಂದು ಷರತ್ತು ಹಾಕಿದರು.

"ಸೀನಪ್ಪ, ನೀವು ಡಗ್ಲಸ್. ಪೃಥ್ವಿರಾಜ ರಾಜ. ನಾನು ಕೊನೆಯ ಪದ ಎತ್ತಿದಾಗ ನೀವು ಸಾಯ್ಬೇಕು. ಸಾಯದಿದ್ರೆ ಇನ್ನು ನಮ್ಮ ಕೂಟಕ್ಕೆ ತಲೆ ಹಾಕುವುದು ಬೇಡ, ಕೇಳ್ಲಿಕ್ಕೂ ಬರುವುದು ಬೇಡ."

"ಸಾಯ್ತೇನೆ ಭಾಗವತರೇ," ಎಂದರು ಸೀನಪ್ಪಣ್ಣ. "ನೀವು ಹೇಳಿದ ಹೊತ್ತಿಗೆ ಸರಿಯಾಗಿ ಸಾಯ್ತೇನೆ."

ಆ ಶುಕ್ರವಾರ ಬಾಸ್ ತಮ್ಮೂರಿನ ಚೌಕಳಿ ಉಣ್ಣೆಯ ಲಂಗ ಉಟ್ಟು ಮೊದಲ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ನಾನು, ಅನುವಾದಕ್ಕೆ. ಪದ ಮುಗಿಯಿತು, ಸೀನಪ್ಪಣ್ಣ ಗಂಟಲು ಸರಿಮಾಡಿಕೊಂಡರು.

"ಮಹಾರಾಜ, ಅಭಯವನ್ನಿತ್ತು ಕರೆದಿರಿ, ಬಂದೆ. ನಿಮ್ಮ ಅನ್ನವುಂಡ ಕೈ ಇನ್ನೂ ಒಣಗಿಲ್ಲ. ಅತಿಥಿಯ ಮೇಲೆ ಕತ್ತಿಯೆತ್ತುವುದು ಯಾವ ರಾಜಧರ್ಮ?"

ನಾನು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದೆ. ಬಾಸ್ ತೊಡೆ ತಟ್ಟಿದರು. ಪೃಥ್ವಿರಾಜ್ ಬಾಯಿ ತೆರೆದ, ಮುಚ್ಚಿದ, ನೀರಿನ ಲೋಟ ಹುಡುಕಿದ. ಹಳೆಯ ರೋಗ ಮರುಕಳಿಸಿತು ಎಂದು ಎಲ್ಲರಿಗೂ ಗೊತ್ತಾಯಿತು. ಕೆಲಸ ಕೆಡುವ ಮೊದಲೇ ಅಪ್ಪಯ್ಯ ಗಡಿಬಿಡಿಯಲ್ಲಿ ಕೊನೆಯ ಪದ ಎತ್ತಿದರು. ಸೀನಪ್ಪಣ್ಣ ಪಾಪ, ಕೂಡಲೇ ಬಾಯಿ ಮುಚ್ಚಿ ಕೊರಳು ಬಗ್ಗಿಸಿದರು.

ಬಾಸ್ ಎದ್ದು ನಿಂತರು. "ನಿಲ್ಲಿಸಿ. ರಾಜ ಇನ್ನೂ ಉತ್ತರ ಕೊಟ್ಟಿಲ್ಲ. ನಾವು ಡಗ್ಲಸ್ ಮನೆಯವರು ಐನೂರು ವರ್ಷದಿಂದ ಆ ಉತ್ತರಕ್ಕೆ ಕಾಯುತ್ತಿದ್ದೇವೆ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮನೆ ಅವರದು, ಊಟ ಅವರದು. ಆನ್ಸೆಲ್ಮ್‌ನ ಕೈ ಮದ್ದಳೆಯ ಮೇಲೆ ನಿಂತಿತು, ಅಪ್ಪಯ್ಯ ಪದ ನುಂಗಿದರು. ಆದರೆ ಅವರು ನೋಡಿದ್ದು ಬಾಸ್‌ನನ್ನಲ್ಲ, ಸೀನಪ್ಪಣ್ಣನನ್ನು. ಬದುಕಿ ಉಳಿದರೆ ಈ ಮನುಷ್ಯ ಕೂಟದಿಂದ ಹೊರಗೆ ಎಂದು ಆ ನೋಟದಲ್ಲೇ ಇತ್ತು. ಸೀನಪ್ಪಣ್ಣನ ಹಣೆಯಲ್ಲಿ ಬೆವರು. ನನಗೆ ಬಾಸ್‌ನ ಲಂಗ ಹಿಡಿದೆಳೆದು ಕೂರಿಸುವಷ್ಟು ಕೋಪ ಬಂದಿತ್ತು.

"ಅವಸರವಿಲ್ಲ ಮಹಾರಾಜ," ಎಂದರು ಸೀನಪ್ಪಣ್ಣ. "ನಾನು ಕಾಯುತ್ತೇನೆ."

ಕಾದರು. ಪೃಥ್ವಿರಾಜ್ ತಲೆ ತಗ್ಗಿಸಿ ಲೋಟ ತಿರುಗಿಸುತ್ತ ಕೂತ. ಸೀನಪ್ಪಣ್ಣ ತುಸು ಮುಂದೆ ಬಾಗಿ ಸಣ್ಣ ದನಿಯಲ್ಲಿ ಹೇಳಿದರು.

"ನಾನು ಬೇರೆ ಇಬ್ಬರು ದೊರೆಗಳೊಡನೆ ಒಪ್ಪಂದ ಮಾಡಿಕೊಂಡಿದ್ದೇನಲ್ಲ. ಅದು ಯಾರ ವಿರುದ್ಧವೆಂದು ತಾವು ಇನ್ನೂ ಕೇಳಲಿಲ್ಲ."

ಪೃಥ್ವಿರಾಜ್ ತಲೆ ಎತ್ತಿದ. "ಯಾರ ವಿರುದ್ಧ?"

"ಹೇಳಲಾರೆ. ಅದನ್ನು ಮುರಿಯಲೂ ಆರೆ. ಕೊಟ್ಟ ಮಾತು."

"ಕೊಟ್ಟ ಮಾತು?" ಪೃಥ್ವಿರಾಜನ ಬೆನ್ನು ನೆಟ್ಟಗಾಯಿತು. "ಎಲೈ ಡಗ್ಲಸನೇ, ನನಗೆ ಕೊಟ್ಟ ಮಾತು ಮಾತಲ್ಲವೇ? ನನ್ನ ಪೂರ್ವಜನ ಹೃದಯವನ್ನು ಕೊರಳಲ್ಲಿ ಹೊತ್ತವರು ನಿಮ್ಮ ಹಿರಿಯರು. ಅವರ ವಂಶದವನು ನೀನು, ನನ್ನ ಹೃದಯಕ್ಕೆ ಕತ್ತಿ ಮಸೆಯುವೆಯಾ? ನಾನು ಅಭಯವಿತ್ತದ್ದು ಅತಿಥಿಗೆ, ದ್ರೋಹಿಗಲ್ಲ."

ಸೀನಪ್ಪಣ್ಣನ ಹತ್ತಿರ ಇದಕ್ಕೆ ಉತ್ತರವಿತ್ತು. ತುಟಿಯವರೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನವರು ನುಂಗಿಕೊಂಡರು. ಅಪ್ಪಯ್ಯನ ಕಡೆ ನೋಡಿ ತಲೆಯಾಡಿಸಿದರು. ಪದ ಎದ್ದಿತು, ಡಗ್ಲಸ್ ಸತ್ತ.

ಬಾಸ್ ಮೆಲ್ಲಗೆ ಕೂತು, ರಾಜ ಏನು ಹೇಳಿದ ಎಂದು ಕೇಳಿದರು. ಹೇಳಿದೆ. "ಈ ಭಾಗವನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ" ಎಂದು ಮೂಗು ಒರೆಸಿಕೊಂಡರು.

ಊಟಕ್ಕೆ ನಿಂತಲ್ಲಿ ಅಪ್ಪಯ್ಯ ಗೊಣಗಲು ಸುರುಮಾಡಿದರು. "ಸತ್ತದ್ದೇನೋ ಸರಿ. ಆದ್ರೆ ರಾಜನ ಮಾತೂ ನೀವೇ ಎತ್ತಿ ಕೊಟ್ರಿ. ಎರಡೂ ಕಡೆ ನೀವೇ ಆದ್ರೆ ಉಳಿದವರು ಕೂರುವುದು ಎಂತಕ್ಕೆ? ಇಲ್ಲ ಸೀನಪ್ಪ, ನಿಮ್ಮಿಂದ ಆಗ್ಲಿಕ್ಕಿಲ್ಲ."

ಸೀನಪ್ಪಣ್ಣ ತಟ್ಟೆ ಹಿಡಿದು ತಲೆ ತಗ್ಗಿಸಿದರು. ನಾನು ಅಪ್ಪಯ್ಯನಿಗೆ ಎರಡು ಮಾತು ಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪೃಥ್ವಿರಾಜ್ ನಡುವೆ ಬಂದ.

"ಭಾಗವತರೇ, ನಾನು ತಡವರಿಸಿದಾಗ ಎಲ್ಲರೂ ನೀವು ಪದ ಎತ್ತಲಿ ಅಂತ ಕಾಯ್ತಾರೆ. ನಾನು ಮಾತಾಡ್ಲಿ ಅಂತ ಕಾದದ್ದು ಇವರೊಬ್ರೇ. ನನ್ನ ಎದುರು ಇವರಿಲ್ಲದಿದ್ರೆ ಇನ್ನು ನಾನೂ ಕೂರುವುದಿಲ್ಲ."

ಅಪ್ಪಯ್ಯ ಉಪ್ಪಿನಕಾಯಿ ಬಡಿಸಿಕೊಂಡರು, ನೆಕ್ಕಿದರು, ಗೋಡೆ ನೋಡಿದರು. "ಆಯ್ತು. ಶುಕ್ರವಾರ ಬನ್ನಿ. ಮುಂದೆ ಬಂದು ಕೂತ್ಕೊಳ್ಳಿ."

ಸೀನಪ್ಪಣ್ಣ ಏನಾದರೂ ಹೇಳುತ್ತಾರೆಂದು ಎಲ್ಲರೂ ಕಾದೆವು. ಅವರು ಪೃಥ್ವಿರಾಜನ ಭುಜ ಹಿಡಿದುಕೊಂಡು ಸಣ್ಣ ಮಗುವಿನಂತೆ ಅತ್ತರು. ಅಳಬಾರದೆಂದಿದ್ದ ನಾನೂ ಅತ್ತೆ.